ಹವಳದ ಟ್ಯಾಂಕಿಗೆ ಸುಣ್ಣದ ತಿಳಿ: ಯಾರಿಗೆ ಸಾಕು, ಯಾರಿಗೆ ಸಾಲದು

ಹೋದ ಚಳಿಗಾಲದಲ್ಲಿ ಅಮ್ಮ ಊರಿಂದ ಮಿಶಿಗನ್‌ಗೆ ಬಂದಿದ್ದರು. ಟ್ಯಾಂಕಿನ ಪಕ್ಕ ಇಟ್ಟಿದ್ದ ಬಿಳಿ ಬಕೆಟ್ಟಿನ ಮುಚ್ಚಳ ತೆಗೆದು ನೋಡಿದರು. ತಳದಲ್ಲಿ ಬೆಳ್ಳಗಿನ ಗಸಿ, ಮೇಲೆ ತಿಳಿನೀರು, ಅದರ ಮೇಲೆ ತೆಳ್ಳಗೆ ಕೆನೆ. "ಇದೆಂತ ಮಗಾ, ಗೋಡೆಗೆ ಸುಣ್ಣ ಹೊಡೀಲಿಕ್ಕಾ?" ಅಂದರು. ನಲವತ್ತು ವರ್ಷ ಎಲೆಅಡಿಕೆ ಹಾಕಿದವರಿಗೆ ಸುಣ್ಣ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ದಿನಾ ಇದನ್ನು ಮೀನಿನ ತೊಟ್ಟಿಗೆ ಬಿಡುತ್ತೇನೆ ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. "ಮೀನು ಸಾಯುವುದಿಲ್ವಾ?"

ಪ್ರಶ್ನೆ ಸರಿಯಾಗಿಯೇ ಇದೆ. ತಪ್ಪಾಗಿ ಬಿಟ್ಟರೆ ಸಾಯುತ್ತವೆ. ಸರಿಯಾಗಿ ಬಿಟ್ಟರೆ ಹವಳ ಬೆಳೆಯಲು ಇದಕ್ಕಿಂತ ಅಗ್ಗದ, ಶುದ್ಧವಾದ ದಾರಿ ಇನ್ನೊಂದಿಲ್ಲ. ಆದರೆ ಎಲ್ಲರ ಟ್ಯಾಂಕಿಗೂ ಇದೊಂದೇ ಸಾಕಾಗುವುದಿಲ್ಲ. ಸುಣ್ಣದ ತಿಳಿಯಾ, ಟು-ಪಾರ್ಟ್ ಬಾಟಲಿಗಳಾ, ಕ್ಯಾಲ್ಸಿಯಂ ರಿಯಾಕ್ಟರಾ, ಸುಮ್ನೆ ವಾರಕ್ಕೊಮ್ಮೆ ನೀರು ಬದಲಾಯಿಸಿದರೆ ಆಗುತ್ತದಾ? ಹವಳ ಸಾಕುವವರು ಒಂದಲ್ಲ ಒಂದು ದಿನ ಈ ಕವಲಿಗೆ ಬಂದು ನಿಲ್ಲುತ್ತಾರೆ. ಹೆಚ್ಚಿನವರು ಅಂಗಡಿಯವನು ಹೇಳಿದ್ದನ್ನು ಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅದಕ್ಕಿಂತ ಎರಡು ಅಳತೆ ಮಾಡಿ ನೋಡಿದ್ದರೆ ದುಡ್ಡು ಉಳಿಯುತ್ತಿತ್ತು.

ಹೈಸ್ಕೂಲಿನ ಆ ಪ್ರನಾಳ

ಸುಣ್ಣದ ತಿಳಿಗೆ ಕೊಳವೆ ಇಟ್ಟು ಊದುವ ಪ್ರಯೋಗ ನೆನಪಿದೆಯಲ್ವಾ? ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದ ಕೂಡಲೇ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಮ್ಮ ಮೇಷ್ಟ್ರು ಅಲ್ಲಿಗೆ ಪಾಠ ಮುಗಿಸುತ್ತಿದ್ದರು. ಆದರೆ ತಾಳ್ಮೆಯಿಂದ ಊದುತ್ತಲೇ ಹೋದರೆ ಇನ್ನೊಂದು ತಮಾಷೆ ಇದೆ. ಬೆಳ್ಳಗಾದ ನೀರು ನಿಧಾನಕ್ಕೆ ಮತ್ತೆ ತಿಳಿಯಾಗುತ್ತದೆ.

ಮೊದಲು ಆದದ್ದು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ನೀರಲ್ಲಿ ಕರಗುವುದಿಲ್ಲ, ಅದಕ್ಕೇ ಬಿಳಿ. ಇಂಗಾಲದ ಡೈಆಕ್ಸೈಡ್ ಇನ್ನೂ ಸಿಕ್ಕಿದಾಗ ಅದೇ ಬೈಕಾರ್ಬೊನೇಟ್ ಆಗಿ ಕರಗಿತು. ಈ ಇಡೀ ಹೋಲಿಕೆ ಆ ಪ್ರನಾಳದೊಳಗೇ ಇದೆ. ಟ್ಯಾಂಕಿಗೆ ತೊಟ್ಟುತೊಟ್ಟಾಗಿ ತಿಳಿ ಬಿಟ್ಟರೆ ಅಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನೇರವಾಗಿ ಎರಡನೇ ಹಂತಕ್ಕೆ ಹೋಗುತ್ತದೆ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎರಡೂ ಸಿಗುತ್ತವೆ. ಒಂದೇ ಸಲ ಸುರಿದರೆ ಅಷ್ಟು ಇಂಗಾಲದ ಡೈಆಕ್ಸೈಡ್ ಅಲ್ಲಿರುವುದಿಲ್ಲ. ಮೊದಲ ಹಂತದಲ್ಲೇ ನಿಂತು ಟ್ಯಾಂಕು ಮಜ್ಜಿಗೆಯಾಗುತ್ತದೆ. ಬಕೆಟ್ಟಿನ ಮೇಲಿನ ಕೆನೆ ಕೂಡ ಮೊದಲ ಹಂತವೇ, ಗಾಳಿ ಊದಿದ್ದು.

ಹವಳ ಸಾಕುವವರು ಇದನ್ನು ಕಾಲ್ಕ್‌ವಾಸರ್ ಅನ್ನುತ್ತಾರೆ, ಮೊಟಕಾಗಿ ಕಾಲ್ಕ್. ಜರ್ಮನ್ ಮಾತು. ಕಾಲ್ಕ್ ಅಂದರೆ ಸುಣ್ಣ, ವಾಸರ್ ಅಂದರೆ ನೀರು. 1970ರ ದಶಕದಲ್ಲಿ ಯುರೋಪಿನಲ್ಲಿ ಪೀಟರ್ ವಿಲ್ಕೆನ್ಸ್ ಇದನ್ನು ಬಳಕೆಗೆ ತಂದಮೇಲೆ ಆ ಹೆಸರೇ ಎಲ್ಲ ಕಡೆ ನಿಂತುಬಿಟ್ಟಿತು. ನಮಗೆ "ಸುಣ್ಣದ ತಿಳಿ" ಅನ್ನುವ ಒಳ್ಳೇ ಮಾತಿದೆ. ಗಸಿ ಬಿಟ್ಟು ತಿಳಿ ಮಾತ್ರ ಬಳಸಬೇಕು ಅನ್ನುವ ಸೂಚನೆಯೂ ಹೆಸರಲ್ಲೇ ಸೇರಿಕೊಂಡಿದೆ.

ಮೊದಲು ಎರಡು ಅಳತೆ

ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 410 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಆಲ್ಕಲಿನಿಟಿ (ನೀರಲ್ಲಿರುವ ಬೈಕಾರ್ಬೊನೇಟ್, ಕಾರ್ಬೊನೇಟ್‌ಗಳ ಅಳತೆ) 7 ಡಿಕೆಎಚ್ (ಅದನ್ನು ಅಳೆಯುವ ಜರ್ಮನ್ ಮಾನ) ಹತ್ತಿರ, ಮೆಗ್ನೀಸಿಯಂ 1300 ಪಿಪಿಎಂ ಹತ್ತಿರ ಇರುತ್ತದೆ. ಟ್ಯಾಂಕಿನಲ್ಲಿ ಕ್ಯಾಲ್ಸಿಯಂ 400ರಿಂದ 450, ಆಲ್ಕಲಿನಿಟಿ 7ರಿಂದ 10ರ ನಡುವೆ ಎಲ್ಲಿದ್ದರೂ ನಡೆಯುತ್ತದೆ. ಎಲ್ಲಿ ಇದೆ ಅನ್ನುವುದಕ್ಕಿಂತ ಅಲ್ಲಾಡದೆ ಇರುವುದು ಮುಖ್ಯ. ಇವತ್ತು 7, ನಾಳೆ 9 ಆದರೆ ಗಟ್ಟಿ ಹವಳಗಳು ತುದಿಯಿಂದ ಬಿಳಿಚಿಕೊಳ್ಳಲು ಶುರುಮಾಡುತ್ತವೆ.

ಹವಳ ತನ್ನ ಅಸ್ಥಿಪಂಜರ ಕಟ್ಟುವಾಗ ಇವೆರಡನ್ನೂ ಒಂದು ಲೆಕ್ಕದಲ್ಲೇ ತೆಗೆದುಕೊಳ್ಳುತ್ತದೆ. ಆಲ್ಕಲಿನಿಟಿ 1 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ ಇಳಿಯುತ್ತದೆ. 420ರಲ್ಲಿ 7 ಇಳಿದರೆ ಟೆಸ್ಟ್ ಕಿಟ್‌ಗೆ ಗೊತ್ತೇ ಆಗುವುದಿಲ್ಲ. 8ರಲ್ಲಿ 1 ಇಳಿದರೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಅಳೆಯಬೇಕಾದ್ದು ಆಲ್ಕಲಿನಿಟಿಯನ್ನು.

ಮೊದಲ ಅಳತೆ: ನಿಮ್ಮ ಟ್ಯಾಂಕು ದಿನಕ್ಕೆ ಎಷ್ಟು ಆಲ್ಕಲಿನಿಟಿ ಕುಡಿಯುತ್ತದೆ? ಮೂರು ದಿನ ಏನೂ ಹಾಕಬೇಡಿ. ನೀರೂ ಬದಲಾಯಿಸಬೇಡಿ. ಬೆಳಿಗ್ಗೆಯೋ ರಾತ್ರಿಯೋ, ದಿನಾ ಒಂದೇ ಹೊತ್ತಿಗೆ ಅಳೆಯಿರಿ. ಮೊದಲ ದಿನ 9, ನಾಲ್ಕನೇ ದಿನ 7.2 ಬಂತು ಅನ್ನಿ. ಮೂರು ದಿನಕ್ಕೆ 1.8, ದಿನಕ್ಕೆ 0.6. ಟ್ಯಾಂಕು ಜೋರಾಗಿ ಕುಡಿಯುವುದಾದರೆ ಎರಡೇ ದಿನ ಸಾಕು, 7ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ.

ಎರಡನೇ ಅಳತೆ: ದಿನಕ್ಕೆ ಎಷ್ಟು ನೀರು ಆವಿಯಾಗುತ್ತದೆ? ಆವಿಯಾದಷ್ಟು ಸಿಹಿನೀರು ತುಂಬಿಸುವ ಬಕೆಟ್ಟಿಗೆ ಒಂದು ಟೇಪ್ ಅಂಟಿಸಿ, ದಿನಾ ಗೆರೆ ಎಳೆಯಿರಿ. ಒಂದು ವಾರ ಸಾಕು.

ಈ ಎರಡನೇ ಅಳತೆ ಯಾಕೆ? ಸುಣ್ಣ ನೀರಲ್ಲಿ ಬಹಳ ಕಡಿಮೆ ಕರಗುತ್ತದೆ. ಕೋಣೆಯ ಬಿಸಿಯಲ್ಲಿ ಲೀಟರಿಗೆ ಸುಮಾರು ಒಂದೂವರೆ ಗ್ರಾಂ, ಅಷ್ಟೇ. ಸಕ್ಕರೆಯ ಹಾಗಲ್ಲ, ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ ಕರಗುತ್ತದೆ. ಇನ್ನು, ಟ್ಯಾಂಕಿಗೆ ಹೊಸ ಸಿಹಿನೀರು ಸೇರಿಸಲು ಇರುವ ಜಾಗ ಆವಿಯಾದಷ್ಟು ಮಾತ್ರ. ಜಾಸ್ತಿ ಸೇರಿಸಿದರೆ ಉಪ್ಪಿನಂಶ ಇಳಿಯುತ್ತದೆ. ಅಂದರೆ ಸುಣ್ಣಕ್ಕೆ ಒಂದು ಮೇಲ್ಮಿತಿ ಇದೆ, ಮತ್ತು ಆ ಮಿತಿ ಹಾಕುವುದು ನಿಮ್ಮ ಮನೆಯ ಗಾಳಿ.

ಲೆಕ್ಕ ಮಾಡಿ ನೋಡಿದರೆ ಒಂದು ಸುಲಭದ ಸೂತ್ರ ಸಿಗುತ್ತದೆ. ದಿನಕ್ಕೆ ಟ್ಯಾಂಕಿನ ನೀರಿನ ಶೇಕಡ 1ರಷ್ಟು ಆವಿಯಾದರೆ, ಪೂರ್ತಿ ಗಟ್ಟಿ (ಕರಗುವಷ್ಟೂ ಸುಣ್ಣ ಕರಗಿದ) ಸುಣ್ಣದ ತಿಳಿಯಿಂದ ದಿನಕ್ಕೆ 1.1 ಡಿಕೆಎಚ್‌ನಷ್ಟು ತುಂಬಿಸಬಹುದು. ನನ್ನದು 75 ಗ್ಯಾಲನ್ ಟ್ಯಾಂಕು, ಸಂಪ್ (ಟ್ಯಾಂಕಿನ ಕೆಳಗಿನ ಜೋಡಿ ತೊಟ್ಟಿ) ಸೇರಿಸಿ ಕಲ್ಲು ಕಳೆದರೆ ಸುಮಾರು 280 ಲೀಟರ್ ನೀರು. ಚಳಿಗಾಲದಲ್ಲಿ ಮನೆಯ ಫರ್ನೇಸ್ ಹಗಲೂ ರಾತ್ರಿ ಓಡಿ ಗಾಳಿ ಒಣಗುತ್ತದೆ, ತುಟಿ ಒಡೆಯುತ್ತದೆ. ಆಗ ದಿನಕ್ಕೆ 5 ಲೀಟರ್ ಆವಿಯಾಗುತ್ತದೆ. ಸುಣ್ಣದಿಂದಲೇ ದಿನಕ್ಕೆ 2 ಡಿಕೆಎಚ್ ಕೊಡಬಹುದು. ಜುಲೈಯಲ್ಲಿ ಹೊರಗೆ ಸೆಕೆ, ಗಾಳಿಯಲ್ಲಿ ತೇವ. ಆಗ ಎರಡೂವರೆ ಲೀಟರ್ ಆವಿಯಾದರೆ ಹೆಚ್ಚು. ಮಿತಿ 1 ಡಿಕೆಎಚ್‌ಗೆ ಇಳಿಯಿತು. ಹವಳಗಳಿಗೆ ಜುಲೈ, ಜನವರಿ ಗೊತ್ತಿಲ್ಲ. ಅವುಗಳಿಗೆ ದಿನಾ ಒಂದೇ ಲೆಕ್ಕ.

ಮೊದಲ ಅಳತೆ ಈ ಮಿತಿಗಿಂತ ಕಡಿಮೆ ಇದ್ದರೆ ಸುಣ್ಣ ಸಾಕು. ಜಾಸ್ತಿ ಇದ್ದರೆ ಸುಣ್ಣ ಒಂದೇ ಸಾಲದು. ಇಡೀ ಆಯ್ಕೆಯ ಬುಡ ಇಲ್ಲಿದೆ.

ಬರೀ ನೀರು ಬದಲಾಯಿಸಿದರೆ?

ಮಶ್ರೂಮ್, ಜೋವಾಂಥಸ್ ಥರದ, ಕಲ್ಲಿನ ಅಸ್ಥಿಪಂಜರ ಕಟ್ಟದ ಮೆತ್ತನೆ ಹವಳಗಳು ಇಷ್ಟೇ ಇದ್ದರೆ ಸಾಕು. ಮುಂದೆ ಓದಬೇಕಾಗಿಲ್ಲ. ಕಲ್ಲುಹವಳ ಇದ್ದರೆ ಸಾಲದು. ವಾರದಲ್ಲಿ ಆಲ್ಕಲಿನಿಟಿ 9ರಿಂದ 6ಕ್ಕೆ ಇಳಿದಿದೆ ಅನ್ನಿ. 9 ಇರುವ ಹೊಸ ನೀರನ್ನು ಶೇಕಡ 10 ಬದಲಾಯಿಸಿದರೆ 6.3 ಆಗುತ್ತದೆ. ಬಕೆಟ್ ಹೊತ್ತು ಸೊಂಟ ಹೋದದ್ದೇ ಲಾಭ.

ಸುಣ್ಣದ ತಿಳಿ ಕೊಡುವುದು ಏನು, ಕೊಡದಿರುವುದು ಏನು

ಇದರ ದೊಡ್ಡ ಗುಣ ಅಂದರೆ ಹಿಂದೆ ಏನನ್ನೂ ಉಳಿಸುವುದಿಲ್ಲ. ಕ್ಯಾಲ್ಸಿಯಂ ಹವಳಕ್ಕೆ ಹೋಯಿತು, ಆಲ್ಕಲಿನಿಟಿ ಹವಳಕ್ಕೆ ಹೋಯಿತು, ಮಿಕ್ಕಿದ್ದು ನೀರು. ಎರಡನ್ನೂ ಹವಳ ಕೇಳುವ ಲೆಕ್ಕದಲ್ಲೇ ಕೊಡುತ್ತದೆ. ಒಂದು ಏರಿ ಇನ್ನೊಂದು ಇಳಿಯುವ ರಗಳೆ ಇಲ್ಲ.

ಎರಡನೇ ಗುಣ ಪಿಎಚ್. ಚಳಿಗಾಲದಲ್ಲಿ ಇಲ್ಲಿ ಕಿಟಕಿ ತೆಗೆಯುವ ಮಾತೇ ಇಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ ಆಸುಪಾಸಿನಲ್ಲಿದ್ದರೆ ನಾಲ್ಕು ಜನ ಇರುವ ಮುಚ್ಚಿದ ಮನೆಯೊಳಗೆ ಅದು 1000 ದಾಟುವುದು ಸಾಮಾನ್ಯ. ಅದೆಲ್ಲ ಟ್ಯಾಂಕಿನ ನೀರಿಗೆ ಸೇರಿ ಪಿಎಚ್ ಇಳಿಯುತ್ತದೆ. ಸುಣ್ಣ ಶುರುಮಾಡುವ ಮೊದಲು ಜನವರಿ ಬೆಳಗಿನ ಹೊತ್ತು ನನ್ನ ಮೀಟರು 7.8 ತೋರಿಸುತ್ತಿತ್ತು. ಈಗ 8.2ರ ಕೆಳಗೆ ಬರುವುದು ಅಪರೂಪ. ನಾವು ಊದಿದ ಉಸಿರನ್ನೇ ಸುಣ್ಣ ಹಿಡಿದು ಹವಳಕ್ಕೆ ಉಣಿಸುತ್ತಿದೆ ಅನ್ನಬಹುದು.

ಕೊಡದಿರುವುದು ಮೆಗ್ನೀಸಿಯಂ. ಅದು ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ನೀರು ಬದಲಾವಣೆಯನ್ನು ಪೂರ್ತಿ ಬಿಡದಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತಿಂಗಳಿಗೊಮ್ಮೆ ಅಳೆಯಿರಿ.

ಪೂರ್ತಿ ಗಟ್ಟಿ ತಿಳಿಯೇ ಬೇಕು ಅಂತ ಏನೂ ಇಲ್ಲ. ಎಷ್ಟೋ ಜನ ಇಲ್ಲಿ ಎಡವುತ್ತಾರೆ. 100 ಲೀಟರ್ ನೀರಿನ ಆಲ್ಕಲಿನಿಟಿ 1 ಡಿಕೆಎಚ್ ಏರಿಸಲು 1.3 ಗ್ರಾಂ ಸುಣ್ಣ ಬೇಕು. ಈ ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ. ನನ್ನ 280 ಲೀಟರಿಗೆ ದಿನಕ್ಕೆ 0.8 ಬೇಕಾಗಿದ್ದಾಗ ಸುಮಾರು 3 ಗ್ರಾಂ ಸಾಕಾಗುತ್ತಿತ್ತು. ಚಳಿಗಾಲದ 5 ಲೀಟರಿಗೆ ಹಂಚಿದರೆ ಲೀಟರಿಗೆ 0.6 ಗ್ರಾಂ. ಗಟ್ಟಿ ತಿಳಿಯನ್ನೇ ಹಾಕಿದ್ದರೆ ಆಲ್ಕಲಿನಿಟಿ ದಿನಾ 1.2ರಷ್ಟು ಏರುತ್ತಾ ಹೋಗುತ್ತಿತ್ತು. ಚಮಚದ ಲೆಕ್ಕ ಬಿಡಿ, ಅಡುಗೆಮನೆಯ ತಕ್ಕಡಿ ತನ್ನಿ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವಂಥದ್ದು.

ಟು-ಪಾರ್ಟ್

ಎರಡು ಬಾಟಲಿ. ಒಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ವಾಷಿಂಗ್ ಸೋಡಾ ಅಥವಾ ಅಡುಗೆ ಸೋಡಾ. ಅಳತೆ ಮಾಡಿ ಸ್ವಲ್ಪ ಸ್ವಲ್ಪವೇ ಬಿಡುವ ಡೋಸಿಂಗ್ ಪಂಪ್ ಹೆಡ್ ಎರಡು. ಇವುಗಳಿಗೆ ಆವಿಯ ಹಂಗಿಲ್ಲ. ಟ್ಯಾಂಕು ದಿನಕ್ಕೆ 3 ಡಿಕೆಎಚ್ ಕುಡಿದರೂ ಪಂಪಿನ ಅಂಕಿ ಏರಿಸಿದರೆ ಆಯಿತು. ಗಟ್ಟಿ ಹವಳ ತುಂಬಿದ ಟ್ಯಾಂಕುಗಳು ಹೆಚ್ಚಾಗಿ ಇದರ ಮೇಲೇ ನಡೆಯುತ್ತವೆ, ಕಾರಣ ಇದೇ.

100 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು ಒಣ ವಾಷಿಂಗ್ ಸೋಡಾ 1.9 ಗ್ರಾಂ, ಅಡುಗೆ ಸೋಡಾ ಆದರೆ 3 ಗ್ರಾಂ. ಅದಕ್ಕೆ ಜೊತೆಯಾಗಿ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 2.6 ಗ್ರಾಂ. ಅಡುಗೆ ಸೋಡಾವನ್ನು ಓವನ್ನಿನಲ್ಲಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಹುರಿದರೆ ವಾಷಿಂಗ್ ಸೋಡಾ ಆಗುತ್ತದೆ. ಪಿಎಚ್ ಏರಿಸಬೇಕು ಅನ್ನುವವರು ಹುರಿದದ್ದನ್ನು ಬಳಸುತ್ತಾರೆ. ಹುರಿಯದೆ ಹಾಕಿದರೆ ಪಿಎಚ್ ಆ ಕ್ಷಣಕ್ಕೆ ಒಂಚೂರು ಇಳಿಯುತ್ತದೆ.

ತೊಂದರೆ ಏನೆಂದರೆ ಇದು ಹಿಂದೆ ಉಪ್ಪು ಬಿಡುತ್ತದೆ. ಕ್ಯಾಲ್ಸಿಯಂ, ಕಾರ್ಬೊನೇಟ್ ಹವಳಕ್ಕೆ ಹೋದಮೇಲೆ ಉಳಿಯುವುದು ಒಂದರ ಸೋಡಿಯಂ, ಇನ್ನೊಂದರ ಕ್ಲೋರೈಡ್. ಎರಡೂ ಸೇರಿದರೆ ನಮ್ಮ ಅಡುಗೆ ಉಪ್ಪೇ. ತಿಂಗಳು ಕಳೆದಂತೆ ಉಪ್ಪಿನಂಶ ಮೇಲೆ ಹತ್ತುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ನೋಡುತ್ತಿರಬೇಕು, ನೀರು ಬದಲಾಯಿಸುತ್ತಿರಬೇಕು. ಜರ್ಮನಿಯ ಹನ್ಸ್ ವೆರ್ನರ್ ಬಾಲಿಂಗ್ ಹೆಸರಿನ ಪದ್ಧತಿಯಲ್ಲಿ ಸೋಡಿಯಂ ಕ್ಲೋರೈಡ್ ಇಲ್ಲದ ಸಮುದ್ರದ ಉಪ್ಪನ್ನು ಮೂರನೇ ಬಾಟಲಿಯಾಗಿ ಸೇರಿಸುವುದು ಇದಕ್ಕೇ. ಉಳಿದ ಲವಣಗಳ ಸಮತೋಲ ತಪ್ಪದಿರಲಿ ಅಂತ.

ಎರಡು ಬಾಟಲಿಯ ದ್ರಾವಣ ಒಂದಕ್ಕೊಂದು ತಾಗಬಾರದು. ತಾಗಿದರೆ ಅಲ್ಲೇ ಸೀಮೆಸುಣ್ಣ. ಒಂದು ಹಾಕಿದ ಮೇಲೆ ಅರ್ಧ ಗಂಟೆ ಬಿಟ್ಟು ಇನ್ನೊಂದು. ಇನ್ನೊಂದು ಮಾತು. ಒಂದು ಪಂಪ್ ನಿಂತು ಇನ್ನೊಂದು ಓಡಿದರೆ ಸಮತೋಲ ಎಲ್ಲೆಲ್ಲೋ ಹೋಗುತ್ತದೆ. ಸುಣ್ಣದಲ್ಲಿ ಆ ಭಯ ಇಲ್ಲ, ಅಲ್ಲಿರುವ ಭಯಗಳೇ ಬೇರೆ.

ಕ್ಯಾಲ್ಸಿಯಂ ಫಾರ್ಮೇಟ್ ಇರುವ ಒಂದೇ ಬಾಟಲಿಯ ದ್ರಾವಣಗಳೂ ಈಗ ಸಿಗುತ್ತವೆ. ಟ್ರಾಪಿಕ್ ಮರೀನ್‌ನ ಆಲ್-ಫಾರ್-ರೀಫ್ ಅಂಥದ್ದು. ಸೂಕ್ಷ್ಮಜೀವಿಗಳು ಫಾರ್ಮೇಟ್ ತಿಂದಮೇಲೆ ಆಲ್ಕಲಿನಿಟಿ ಬರುತ್ತದೆ. ಸಣ್ಣ ಟ್ಯಾಂಕಿಗೆ, ತಲೆನೋವು ಬೇಡ ಅನ್ನುವವರಿಗೆ ಚೆನ್ನ. ಪಿಎಚ್‌ಗೆ ಸುಣ್ಣದಂಥ ಏರಿಕೆ ಕೊಡುವುದಿಲ್ಲ.

ಕ್ಯಾಲ್ಸಿಯಂ ರಿಯಾಕ್ಟರ್

ಇದು ಪ್ರನಾಳದ ಎರಡನೇ ಹಂತ ಮಾತ್ರ. ಒಂದು ಕೊಳವೆಯಲ್ಲಿ ಹವಳದ ತುಣುಕುಗಳನ್ನು ತುಂಬಿ, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡುವುದು. ಒಳಗಿನ ಪಿಎಚ್ 6.5ರ ಹತ್ತಿರ ಇಳಿದು ತುಣುಕುಗಳು ಕರಗುತ್ತವೆ. ಆ ನೀರು ತೊಟ್ಟಿಕ್ಕಿ ಟ್ಯಾಂಕಿಗೆ ಸೇರುತ್ತದೆ. ಸಿಲಿಂಡರ್, ರೆಗ್ಯುಲೇಟರ್, ಸೊಲೆನಾಯ್ಡ್, ಪಿಎಚ್ ಕಂಟ್ರೋಲರ್ ಅಂತ ಮೊದಲ ಖರ್ಚು ಜಾಸ್ತಿ. ಆಮೇಲೆ ತಿಂಗಳುಗಟ್ಟಲೆ ಮುಟ್ಟಬೇಕಾಗಿಲ್ಲ. 600, 700 ಲೀಟರ್ ದಾಟಿದ, ಗಟ್ಟಿ ಹವಳ ತುಂಬಿದ ಟ್ಯಾಂಕಿಗೆ ಇದೇ ಸರಿ. ಅದಕ್ಕಿಂತ ಚಿಕ್ಕದಕ್ಕೆ ಇದನ್ನು ತಂದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಜೊತೆಗೆ ಇದು ಟ್ಯಾಂಕಿನ ಪಿಎಚ್ ಇಳಿಸುತ್ತದೆ. ನಮ್ಮಂಥ ಮುಚ್ಚಿದ ಮನೆಗಳಲ್ಲಿ ಮೊದಲೇ ಕಡಿಮೆ ಇರುವ ಪಿಎಚ್ ಇನ್ನೂ ಕಡಿಮೆ. ಅದಕ್ಕೇ ರಿಯಾಕ್ಟರ್ ಇಟ್ಟವರಲ್ಲಿ ಅನೇಕರು ಪಕ್ಕದಲ್ಲೇ ಸುಣ್ಣದ ಬಕೆಟ್ಟನ್ನೂ ಇಟ್ಟಿರುತ್ತಾರೆ.

ತಿಳಿಯನ್ನು ಟ್ಯಾಂಕಿಗೆ ಬಿಡುವುದು ಹೇಗೆ

ಸುಣ್ಣ ಅಂತ ತೀರ್ಮಾನ ಆದಮೇಲೂ ಇನ್ನೊಂದು ಆಯ್ಕೆ ಬಾಕಿ ಇದೆ. ನನಗೆ ಪೆಟ್ಟು ಬಿದ್ದದ್ದು ಇಲ್ಲಿ.

ಎಲ್ಲಕ್ಕಿಂತ ಹಳೆಯದು ಡ್ರಿಪ್. ಆಸ್ಪತ್ರೆಯ ಗ್ಲೂಕೋಸ್ ಬಾಟಲಿ ನೆನಪಿಸಿಕೊಳ್ಳಿ. ಎತ್ತರದಲ್ಲಿ ಡಬ್ಬ, ಸಣ್ಣ ಪೈಪು, ಒಂದು ವಾಲ್ವ್, ತೊಟ್ಟುತೊಟ್ಟು. ರಾತ್ರಿ ದೀಪ ಆರಿದ ಮೇಲೆ ಟ್ಯಾಂಕಿನ ಪಿಎಚ್ ತಾನಾಗಿ ಇಳಿಯುತ್ತದೆ, ಅದೇ ಹೊತ್ತಿಗೆ ಬಿಟ್ಟರೆ ಒಳ್ಳೆಯದು. ಖರ್ಚು ಏನೂ ಇಲ್ಲ. ಆದರೆ ವಾಲ್ವಿನ ಬಾಯಿಗೆ ಸುಣ್ಣ ಕಟ್ಟಿ ಮೂರು ದಿನಕ್ಕೊಮ್ಮೆ ನಿಲ್ಲುತ್ತದೆ. ಊರಿಗೆ ಹೊರಟಾಗ ನಂಬುವ ಹಾಗಿಲ್ಲ.

ಎರಡನೆಯದು ಆಟೋ ಟಾಪ್-ಆಫ್ ಬಕೆಟ್ಟಿಗೇ ಸುಣ್ಣ ಹಾಕಿಬಿಡುವುದು. ಆವಿಯಾದಷ್ಟು ನೀರು ಹೇಗೂ ತಾನಾಗಿ ತುಂಬುತ್ತದೆ, ಅದರ ಜೊತೆಗೇ ಸುಣ್ಣವೂ ಹೋಗಲಿ ಅನ್ನುವ ಜಾಣತನ. ನಾನೂ ಈ ಜಾಣ ಆಗಿದ್ದೆ. ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೆಳಗಿಳಿದೆ. ಟ್ಯಾಂಕಿನಲ್ಲಿ ಮೀನು ಕಾಣಿಸುತ್ತಿಲ್ಲ. ಹವಳ ಕಾಣಿಸುತ್ತಿಲ್ಲ. ಹಿಂದಿನ ಗಾಜೂ ಕಾಣಿಸುತ್ತಿಲ್ಲ. ಗಾಜಿನ ತೊಟ್ಟಿ ತುಂಬ ಹಾಲು. ಒಳಗೆಲ್ಲೋ ಪಂಪು ಗುಂಯ್ ಅನ್ನುತ್ತಿದೆ. ಸಂಪ್ ಬಗ್ಗಿ ನೋಡಿದರೆ ಒಂದು ಟರ್ಬೋ ಶಂಖದ ಹುಳು ಹತ್ತಿ ಹೋಗಿ ಫ್ಲೋಟ್ ಸ್ವಿಚ್ಚಿನ ಮೇಲೆ ಕೂತಿದೆ. ಅದರ ಭಾರಕ್ಕೆ ಫ್ಲೋಟ್ ಕೆಳಗಿಳಿದು, ನೀರು ಕಡಿಮೆಯಾಗಿದೆ ಅಂತ ಪಂಪು ರಾತ್ರಿಯಿಡೀ ಓಡಿದೆ. ಬಕೆಟ್ಟಿನಲ್ಲಿದ್ದ 12 ಲೀಟರ್ ಗಟ್ಟಿ ತಿಳಿ ಪೂರ್ತಿ ಖಾಲಿ. ಪಿಎಚ್ ಮೀಟರು 9.1.

ಆಗ ಮಾಡಬೇಕಾದ್ದು ಪಂಪಿನ ಪ್ಲಗ್ ಕೀಳುವುದು, ಆಮೇಲೆ ಇಂಗಾಲದ ಡೈಆಕ್ಸೈಡ್ ಕೊಡುವುದು. ಸಿಹಿ, ಉಪ್ಪು, ರುಚಿ ಏನೂ ಇಲ್ಲದ ಸೋಡಾ ನೀರನ್ನು ಸಂಪಿಗೆ ಸ್ವಲ್ಪ ಸ್ವಲ್ಪವೇ ಸುರಿದೆ, ಮೀಟರು ನೋಡುತ್ತಾ. ಪ್ರನಾಳಕ್ಕೆ ಊದಿದ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ 8.5ಕ್ಕೆ ಬಂತು. ಆಲ್ಕಲಿನಿಟಿ 13 ಮುಟ್ಟಿರುತ್ತದೆ ಅಂದುಕೊಂಡಿದ್ದೆ. ಮಾರನೇ ದಿನ ನೀರು ತಿಳಿಯಾದ ಮೇಲೆ ಅಳೆದರೆ 7.4. ಬಹಳಷ್ಟು ಸೀಮೆಸುಣ್ಣವಾಗಿ ತಳ ಸೇರಿತ್ತು. ಕ್ಲೌನ್ ಮೀನುಗಳೆರಡೂ ಬದುಕಿದವು. ಎರಡು ಅಕ್ರೊಪೊರಾ ಹವಳ ಬುಡದಿಂದ ಚರ್ಮ ಬಿಚ್ಚಿಕೊಂಡು ಹೋದವು. ಹುಳುವಿಗೆ ಏನೂ ಆಗಲಿಲ್ಲ.

ಫ್ಲೋಟ್ ಸ್ವಿಚ್ಚಿಗೆ ಜಾಲರಿ ಹಾಕಿ, ಎರಡನೇ ಸ್ವಿಚ್ ಇಟ್ಟು, ದಿನಕ್ಕೆ ಇಷ್ಟೇ ನಿಮಿಷ ಓಡಬೇಕು ಅಂತ ಟೈಮರ್ ಕಟ್ಟಿ ಈ ಪದ್ಧತಿಯನ್ನು ಚೆನ್ನಾಗಿ ನಡೆಸುವವರಿದ್ದಾರೆ. ನಾನು ಮತ್ತೆ ಆ ದಾರಿಗೆ ಹೋಗಿಲ್ಲ. ಇನ್ನೊಂದು ದೋಷವೂ ಇದೆ. ಆವಿ ಏರುಪೇರಾದರೆ ಸುಣ್ಣವೂ ಏರುಪೇರಾಗುತ್ತದೆ. ಮಳೆ ಬಂದ ದಿನ ಕಡಿಮೆ, ಫರ್ನೇಸ್ ಓಡಿದ ದಿನ ಜಾಸ್ತಿ.

ಮೂರನೆಯದು ಕಾಲ್ಕ್ ರಿಯಾಕ್ಟರ್. ಎತ್ತರದ ಕೊಳವೆಯೊಳಗೆ ಸುಣ್ಣವನ್ನು ಆಗಾಗ ಕಲಕುವ ಮೋಟಾರು. ಸಿಹಿನೀರು ಕೆಳಗಿನಿಂದ ಒಳಬಂದು ಗಟ್ಟಿ ತಿಳಿಯಾಗಿ ಮೇಲಿನಿಂದ ಹೋಗುತ್ತದೆ. ಈ ಬಗೆಯದಕ್ಕೆ ನಾರ್ವೆಯ ಆಲ್ಫ್ ಯಾಕೋಬ್ ನಿಲ್ಸೆನ್ ಹೆಸರಿನಿಂದ ನಿಲ್ಸೆನ್ ರಿಯಾಕ್ಟರ್ ಅನ್ನುವವರೂ ಇದ್ದಾರೆ. ದೊಡ್ಡ ಬಕೆಟ್ಟಿಗೆ ಜಾಗ ಇಲ್ಲದವರಿಗೆ, ಪೂರ್ತಿ ಗಟ್ಟಿ ತಿಳಿಯೇ ಬೇಕಾದವರಿಗೆ ಇದು. ತೆಳು ಮಾಡಿ ಕೊಡಬೇಕಾದವರಿಗೆ ಉಪಯೋಗ ಇಲ್ಲ. ಕಲಕುವ ಕಡ್ಡಿ ಸುಣ್ಣ ಕಟ್ಟಿ ಸಿಕ್ಕಿಹಾಕಿಕೊಳ್ಳುವುದೂ ಇದೆ.

ನಾಲ್ಕನೆಯದು ಈಗ ನಾನು ಮಾಡುತ್ತಿರುವುದು. ಮುಚ್ಚಳ ಇರುವ 20 ಲೀಟರ್ ಬಕೆಟ್, ಒಂದು ಡೋಸಿಂಗ್ ಪಂಪ್. ಪಂಪು ದಿನದ ಲೆಕ್ಕವನ್ನು 48 ಪಾಲು ಮಾಡಿ ಅರ್ಧ ಗಂಟೆಗೊಮ್ಮೆ ಬಿಡುತ್ತದೆ, ರಾತ್ರಿ ಸ್ವಲ್ಪ ಜಾಸ್ತಿ. ಆಟೋ ಟಾಪ್-ಆಫ್ ಬೇರೆಯೇ ಇದೆ, ಅದರಲ್ಲಿ ಬರೀ ಆರ್‌ಓ ನೀರು. ಆವಿ ಜಾಸ್ತಿಯಾದ ದಿನ ಅದು ತುಂಬಿಸಿಕೊಳ್ಳುತ್ತದೆ, ಸುಣ್ಣ ಮಾತ್ರ ಅಷ್ಟೇ. ಡೋಸಿಂಗ್ ಪಂಪು ನಿಮಿಷಕ್ಕೆ ಬಿಡುವುದೇ ಸ್ವಲ್ಪ, ಹಾಗಾಗಿ ಹೆಚ್ಚುಕಮ್ಮಿಯಾದರೂ ಒಂದು ರಾತ್ರಿಯಲ್ಲಿ ಬಕೆಟ್ ಖಾಲಿ ಆಗುವುದು ಸುಲಭವಲ್ಲ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಇದನ್ನೇ.

ಈ ಬಕೆಟ್ಟಿನಲ್ಲಿ ಕಲಕುವುದಕ್ಕೆ ಪಂಪ್ ಇಡಬೇಡಿ. ಪುಡಿ ಹಾಕಿ ಒಂದು ಸಲ ಚೆನ್ನಾಗಿ ಕಲಕಿ, ಮುಚ್ಚಿ, ರಾತ್ರಿಯಿಡೀ ಹಾಗೇ ಇರಲು ಬಿಡಿ. ಸಾರು ತಿಳಿಯಾಗಲು ಬಿಟ್ಟ ಹಾಗೆ. ಪೈಪಿನ ಬಾಯಿ ತಳದಿಂದ ನಾಲ್ಕು ಬೆರಳು ಮೇಲಿರಲಿ. ಗಸಿಯಲ್ಲಿ ಕರಗದ ಕಾರ್ಬೊನೇಟ್ ಜೊತೆಗೆ ಪುಡಿಯಲ್ಲಿದ್ದ ಲೋಹದ ಕಲ್ಮಶವೂ ತಳ ಹಿಡಿದಿರುತ್ತದೆ, ಅದು ಟ್ಯಾಂಕಿಗೆ ಹೋಗಬಾರದು. ಮೇಲಿನ ಕೆನೆಯನ್ನು ಒಡೆಯಬೇಡಿ. ಅದು ಇದ್ದರೆ ಕೆಳಗಿನ ತಿಳಿಗೆ ಗಾಳಿ ತಾಗುವುದಿಲ್ಲ, ವಾರಗಟ್ಟಲೆ ಗಟ್ಟಿಯಾಗಿಯೇ ಇರುತ್ತದೆ. ಟ್ಯಾಂಕಿನ ಕಡೆ ಪೈಪು ನೀರು ಜೋರಾಗಿ ಹರಿಯುವ ಜಾಗದಲ್ಲಿ, ನೀರಿಗೆ ತಾಗದ ಹಾಗೆ ತೂಗಲಿ. ಹೀಟರಿನ ಹತ್ತಿರ ಬೇಡ, ಅದರ ಮೈಮೇಲೆ ಕಲ್ಲು ಕಟ್ಟುತ್ತದೆ. ತಿಂಗಳಿಗೊಮ್ಮೆ ಪೈಪಿನಲ್ಲಿ ಬಿಳಿ ವಿನೆಗರ್ ಓಡಿಸಿದರೆ ಕಟ್ಟಿದ್ದೆಲ್ಲ ಬಿಡುತ್ತದೆ.

ಯಾವ ಪುಡಿ?

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರಲ್ಲ, ಹಾಗೆ ಬೆಳ್ಳಗಿನ ಪುಡಿಯೆಲ್ಲ ಈ ಸುಣ್ಣ ಅಲ್ಲ. ಬೇಕಾದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅರಳಿದ ಸುಣ್ಣ. ತೋಟಕ್ಕೆ ಹಾಕುವ ಸುಣ್ಣ ಹೆಚ್ಚಾಗಿ ಕಾರ್ಬೊನೇಟ್, ಕರಗುವುದೇ ಇಲ್ಲ. ಗಾರೆ ಕೆಲಸದ ಸುಣ್ಣದಲ್ಲಿ ಮೆಗ್ನೀಸಿಯಂ ಬೆರೆತಿರಬಹುದು. ಸುಟ್ಟ ಸುಣ್ಣ ನೀರು ತಾಗಿದರೆ ಕೊತಕೊತ ಕುದಿಯುತ್ತದೆ, ಅದರ ಸಹವಾಸ ಬೇಡ. ಎಲೆಅಡಿಕೆಯ ಡಬ್ಬಿ ಸುಣ್ಣವೂ ಬೇಡ, ಏನೇನು ಬೆರೆಸಿರುತ್ತಾರೋ. ಅಕ್ವೇರಿಯಂ ಅಂಗಡಿಯಲ್ಲಿ ಕಾಲ್ಕ್ ಅಂತಲೇ ಡಬ್ಬ ಸಿಗುತ್ತದೆ. ಅಮೆರಿಕದಲ್ಲಿ ಬಹಳ ಜನ ಸೂಪರ್ ಮಾರ್ಕೆಟ್ಟಿನ ಉಪ್ಪಿನಕಾಯಿ ಸಾಲಿನಲ್ಲಿ ಸಿಗುವ ಮಿಸೆಸ್ ವೇಜಸ್ ಪಿಕ್ಲಿಂಗ್ ಲೈಮ್ ತರುತ್ತಾರೆ. ಆಹಾರಕ್ಕೆ ಬಳಸುವ ಸುಣ್ಣ, ಬೆಲೆ ಕಡಿಮೆ. ಒಂದು ಪೌಂಡಿನ ಪೊಟ್ಟಣದಲ್ಲಿ ಸುಮಾರು 300 ಲೀಟರ್ ಗಟ್ಟಿ ತಿಳಿ ಆಗುತ್ತದೆ. ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿಡಿ. ಇಲ್ಲದಿದ್ದರೆ ಅದೂ ನಿಧಾನಕ್ಕೆ ಸೀಮೆಸುಣ್ಣವಾಗುತ್ತದೆ.

ನಮ್ಮ ಕರಾವಳಿಯಲ್ಲಿ ಹಿಂದೆ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಸಮುದ್ರದ ಜೀವಿ ನೀರಿನಿಂದ ಕ್ಯಾಲ್ಸಿಯಂ ತೆಗೆದು ಕಟ್ಟಿದ ಮನೆಯನ್ನು ಸುಟ್ಟು, ಅರಳಿಸಿ, ಎಲೆಗೆ ಹಚ್ಚುವುದು. ನಾನು ಅದನ್ನೇ ತಿರುಗಿಸಿ ಮತ್ತೆ ಉಪ್ಪುನೀರಿಗೆ ಹಾಕುತ್ತಿದ್ದೇನೆ ಅಂದಾಗ ಅಮ್ಮನಿಗೆ ಇದೆಲ್ಲ ಸ್ವಲ್ಪ ಅರ್ಥಪೂರ್ಣ ಅನ್ನಿಸಿತು.

ನನ್ನ ಟ್ಯಾಂಕಿನ ಈಗಿನ ಲೆಕ್ಕ

ಹವಳಗಳು ಬೆಳೆದು ಈಗ ದಿನಕ್ಕೆ 1.6 ಡಿಕೆಎಚ್ ಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ಸುಣ್ಣ ಒಂದೇ. ಬೇಸಿಗೆಯಲ್ಲಿ ಸುಣ್ಣದಿಂದ 1, ಮಿಕ್ಕ 0.6 ಟು-ಪಾರ್ಟ್‌ನಿಂದ. ಟು-ಪಾರ್ಟ್ ಕಡಿಮೆ ಬಳಸುವುದರಿಂದ ಉಪ್ಪಿನಂಶದ ಏರಿಕೆಯೂ ಅಷ್ಟಕ್ಕಷ್ಟೇ. ಎರಡನ್ನೂ ಸೇರಿಸಿ ನಡೆಸುವುದು ಸೋಲಲ್ಲ. ಒಂದೇ ಪಕ್ಷ ಹಿಡಿದು ವಾದ ಮಾಡುವವರನ್ನು ನೋಡಿದರೆ ನಗು ಬರುತ್ತದೆ.

ಫ್ಯಾನ್ ಇಟ್ಟು ನೀರು ತಂಪು ಮಾಡುವವರಿಗೆ ಆವಿ ಜಾಸ್ತಿ, ಹಾಗಾಗಿ ಸುಣ್ಣಕ್ಕೆ ಜಾಗ ಜಾಸ್ತಿ. ಚಿಲ್ಲರ್ ಇಟ್ಟು ಟ್ಯಾಂಕಿಗೆ ಗಾಜಿನ ಮುಚ್ಚಳ ಹಾಕಿದವರಿಗೆ ಆವಿ ಕಡಿಮೆ, ಅವರು ಮೊದಲಿಂದಲೇ ಟು-ಪಾರ್ಟ್ ಕಡೆ ನೋಡುವುದು ಒಳ್ಳೆಯದು. ದುಬೈ, ಮಸ್ಕತ್ ಕಡೆಯ ಗೆಳೆಯರು ಈ ಎರಡನೇ ಸಾಲಿಗೆ ಬರುವುದು ಹೆಚ್ಚು.

ಊರಲ್ಲಿ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ ಕಲ್ಲುಹವಳಗಳೆಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ, ಹುಲಿಯ ಜೊತೆಗೆ. ಸಮುದ್ರದಿಂದ ತೆಗೆದ ಹವಳವನ್ನು ಕೊಳ್ಳುವುದು, ಇಟ್ಟುಕೊಳ್ಳುವುದು ಅಪರಾಧ. ಯಾರೋ ಕೊಡುತ್ತಾರೆ ಅಂತ ತರಬೇಡಿ. ಹವಳ ನೋಡಬೇಕಾದರೆ ಮುರ್ಡೇಶ್ವರದಿಂದ ದೋಣಿ ಹಿಡಿದು ನೇತ್ರಾಣಿಗೆ ಹೋಗಿ, ನೀರಿಗಿಳಿದು ನೋಡಿ ಬನ್ನಿ.

ಕೊನೆಗೆ ಕಣ್ಣಿನ ವಿಷಯ. ಗಟ್ಟಿ ತಿಳಿಯ ಪಿಎಚ್ 12ರ ಮೇಲೆ. ಎಲೆಗೆ ಸುಣ್ಣ ಜಾಸ್ತಿಯಾದರೆ ಬಾಯಿ ಏನಾಗುತ್ತದೆ ಅಂತ ಗೊತ್ತಲ್ವಾ, ಕಣ್ಣಿಗೆ ಬಿದ್ದರೆ ಅದಕ್ಕಿಂತ ಬಹಳ ಕೆಟ್ಟದ್ದು. ಪುಡಿ ತೂಗುವಾಗ ಫ್ಯಾನ್ ಆರಿಸಿ, ಕನ್ನಡಕ ಹಾಕಿ, ಕೈಗವಸು ಹಾಕಿ. ಕಣ್ಣಿಗೆ ಸಿಡಿದರೆ ಕೂಡಲೇ ನಲ್ಲಿ ಕೆಳಗೆ ಹಿಡಿದು ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಬಕೆಟ್ಟಿಗೆ ಮುಚ್ಚಳ, ಮುಚ್ಚಳಕ್ಕೆ ಭಾರ. ಅಮ್ಮ ಊರಿಗೆ ಹೊರಡುವ ಮೊದಲು ಒಂದು ಚೀಟಿ ಬರೆದು ಅದರ ಮೇಲೆ ಅಂಟಿಸಿ ಹೋದರು: "ಸುಣ್ಣ. ಮುಟ್ಟಬೇಡಿ." ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಅದರ ಕೆಳಗೆ ಇಂಗ್ಲಿಷಿನಲ್ಲಿ ನಾನು ಬರೆದಿದ್ದೇನೆ.